ಖಾಲಿ ಕೊಡದ ಶಾಟು

ರಾಯಪ್ಪನ ಬಾಯಿಗೆ ಬೀಗ ಇರಲಿಲ್ಲ. ಇದ್ದಿದ್ದರೂ ವಿಲನ್ ಮನೆಯ ಬಾಗಿಲಿನ ಹಾಗೆ ಒದ್ದು ಮುರಿಯುತ್ತಿದ್ದ.

ವಿಜಾಪುರದ ಒಂದು ಟಾಕೀಜಿನಲ್ಲಿ ಅವನದು ಪೋಸ್ಟರು ಹಚ್ಚುವ ಕೆಲಸ. ಬೆಳಿಗ್ಗೆ ಎದ್ದು ಮೈದಾ ಹಿಟ್ಟಿನ ಅಂಟು ಕುದಿಸಬೇಕು. ಬಕೆಟ್ಟು, ಕುಂಚ, ಏಣಿ ಹೊತ್ತು ಊರೆಲ್ಲ ತಿರುಗಬೇಕು. ಮೊಣಕೈವರೆಗೆ ಅಂಟು ಒಣಗಿ ಚರ್ಮ ಬಿರಿಯುತ್ತಿತ್ತು. ಮಧ್ಯಾಹ್ನ ಟಾಂಗಾ ಹತ್ತಿ, ತಗಡಿನ ಭೋಂಗಾ ಬಾಯಿಗಿಟ್ಟು ಕೂಗಬೇಕು.

"ಇಂದೇ ನೋಡಿರಿ! ತಾಯಿಯ ಕಣ್ಣೀರು! ತಂಗಿಯ ತಾಳಿ! ಅಣ್ಣನ ಸೇಡು! ಕರ್ಚೀಫು ಮರೆತು ಬಂದವರಿಗೆ ಕಂಪನಿ ಜವಾಬ್ದಾರಲ್ಲ!"

ಕೊನೆಯ ಸಾಲು ಅವನದೇ. ಮಾಲೀಕ ಬೈಯುತ್ತಿದ್ದ. ಜನ ನಕ್ಕು ಟಿಕೀಟು ತೆಗೆದ ಮೇಲೆ ಸುಮ್ಮನಾಗುತ್ತಿದ್ದ.

ರಾಯಪ್ಪ ಟಿಕೀಟು ಕೊಂಡವನಲ್ಲ. ಕುರ್ಚಿಯಲ್ಲಿ ಕೂತವನೂ ಅಲ್ಲ. ಪರದೆಯ ಹಿಂದೆ ಗೋಡೆಗೆ ಆತು ನಿಂತು ಸಿನಿಮಾ ನೋಡುತ್ತಿದ್ದ. ಅಲ್ಲಿಂದ ಎಲ್ಲ ತಿರುಗುಮುರುಗು. ಅವನ ಪಾಲಿಗೆ ಹೀರೋಗಳೆಲ್ಲ ಎಡಗೈಯವರು. ತಾಳಿ ಕಟ್ಟುವುದೂ ಎಡಗೈಲಿ, ವಿಲನ್ನನ ದವಡೆ ಮುರಿಯುವುದೂ ಎಡಗೈಲಿ. ಆದರೆ ಮಾತು ತಿರುಗುಮುರುಗಾಗುವುದಿಲ್ಲವಲ್ಲ. ಅವನು ಮಾತು ಹಿಡಿದುಕೊಂಡ. ಚಹಾದಂಗಡಿಯವನು ತಡಮಾಡಿದರೆ, "ಎಲೈ ನೀಚ! ಈ ತಾಯಿಯ ಮಗ ಕೇಳಿದ್ದು ಭಿಕ್ಷೆಯಲ್ಲ, ಹಕ್ಕು!" ಎನ್ನುತ್ತಿದ್ದ. ಅಂಗಡಿಯವನು ನಕ್ಕು ಚಹಾ ಕೊಡುತ್ತಿದ್ದ, ಗೂಟಕ್ಕೆ ನೇತುಹಾಕಿದ ಬೇರೆ ಕಪ್ಪಿನಲ್ಲಿ. ರಾಯಪ್ಪನೂ ನಗುತ್ತಿದ್ದ. ಕುಡಿದು, ತೊಳೆದು, ಮತ್ತೆ ಗೂಟಕ್ಕೇ ಹಾಕುತ್ತಿದ್ದ. ಆ ಕಪ್ಪಿಗೆ ಯಾವ ಸಿನಿಮಾದಲ್ಲೂ ಡೈಲಾಗು ಇರಲಿಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಒಂದು ಹೊಸ ಭಿತ್ತಿಪತ್ರ ಅವನ ಬಕೆಟ್ಟಿಗೆ ಬಂತು. "ಕೂಡಿ ಕಲಿಯೋಣ, ಕೂಡಿ ಸಿನಿಮಾ ಮಾಡೋಣ. ಜಾತಿ, ಓದು, ಸಿರಿತನದ ಭೇದವಿಲ್ಲ." ರಾಯಪ್ಪ ಅದನ್ನು ಗೋಡೆಗೆ ಹಚ್ಚಿ ಓದಿದ. ಇಳಿದು ನಿಂತು ಇನ್ನೊಮ್ಮೆ ಓದಿದ. ಮುಂದಿನ ಗೋಡೆಗೆ ತಲೆಕೆಳಗಾಗಿ ಹಚ್ಚಿದ.

ಕಲಿಸುವವರು ಗುರುಪಾದಯ್ಯ. ಕಾಲೇಜಿನ ಮಾಸ್ತರು. ಪುಣೆಯಲ್ಲಿ ಸಿನಿಮಾ ಕಲಿತು ಒಂದು ಸಣ್ಣ ಕ್ಯಾಮೆರಾ ಮತ್ತು ದೊಡ್ಡ ಗಡ್ಡದೊಂದಿಗೆ ಮರಳಿದ್ದರು. ಕೋಟೆಗೋಡೆಯ ಪಕ್ಕದ ಬೇವಿನ ಮರದ ಕೆಳಗೆ ಎಲ್ಲರನ್ನೂ ದುಂಡಗೆ ಕೂಡಿಸಿದರು. ತಾವೂ ನೆಲದಲ್ಲೇ ಕೂತರು.

"ಇಲ್ಲಿ ಗುರು ಇಲ್ಲ, ಶಿಷ್ಯ ಇಲ್ಲ," ಎಂದರು. "ಎಲ್ಲಾರೂ ಎಲ್ಲಾ ಕೆಲಸ ಮಾಡೂದು. ಇವತ್ತ ಕ್ಯಾಮೆರಾ ಹಿಡಿದಾವ ನಾಳೆ ಪೆಟಗಿ ಹೊರೂದು. ಕಥೀನೂ ಹಂಗ. ಒಬ್ಬಾವ ಶುರು ಮಾಡತಾನ, ಮಗ್ಗಲದಾವ ಮುಂದುವರಸ್ತಾನ. ನಡುವ ಬಿದ್ದ ಕಥಿ ಎಲ್ಲಾರದು. ಯಾರದೂ ಅಲ್ಲ."

ಇಂಗ್ಲಿಷು ಬೇಡವೆಂದು ಶಾಟು ಶುರುವಾಗುವಾಗ "ಶುರು", ಮುಗಿದಾಗ "ಸಾಕು" ಅನ್ನಬೇಕೆಂದರು. ಕ್ಯಾಮೆರಾ ಗಡಿಯಾರದಂತೆ ಚಾವಿ ತಿರುವಿದರೆ ಓಡುವಂಥದು. ಒಂದು ಚಾವಿಗೆ ಒಂದು ಶಾಟು. ಪ್ರತಿಯೊಬ್ಬರಿಗೂ ಒಂದು ಚಾವಿ. ಫಿಲ್ಮು ತುಟ್ಟಿ. ಅದಕ್ಕಿಂತ ಹೆಚ್ಚು ಇಲ್ಲ.

ರಾಯಪ್ಪನ ಗುಂಪಿನಲ್ಲಿ ಅಮರಪ್ಪನಿದ್ದ. ಪೇಟೆಯ ಕಾಳಿನ ವ್ಯಾಪಾರಿಯ ಮಗ, ಕೈಯಲ್ಲಿ ಮಿಂಚುವ ಗಡಿಯಾರ. ಗುಲಶನ ಇದ್ದಳು. ಟಿಕೋಟಾದಿಂದ ದಿನಾ ಬಸ್ಸಿಗೆ ಬಂದು ಮಾಸ್ತರಕಿಯ ಟ್ರೇನಿಂಗು ಮಾಡುವ ಹುಡುಗಿ. ಇನ್ನಿಬ್ಬರು ಕಾಲೇಜಿನ ಹುಡುಗರು.

"ಲೇ ರಾಯಪ್ಪ," ಅಮರಪ್ಪ ಮೊದಲ ದಿನವೇ ಕಾಲೆಳೆದ. "ನಿನಗ ಅಂಟು ಹಚ್ಚಾಕ ಬರ್ತೈತಿ, ಫೋಕಸ್ ಹಚ್ಚಾಕ ಬರ್ತೈತೇನೊ?"

"ಅಂಟು ಹಚ್ಚಿದ್ರ ನಿಮ್ಮಂಗ ಅಳ್ಳಾಡೂದಿಲ್ರಿ ಸಾವುಕಾರ್ರ," ಎಂದ ರಾಯಪ್ಪ. ಗುಲಶನ ಬಾಯಿಗೆ ಸೆರಗು ಒತ್ತಿ ನಕ್ಕಳು.

ಕಥೆ ಹೇಳುವ ಸರದಿ ರಾಯಪ್ಪನಿಗೆ ಬಂದಾಗ ಎಲ್ಲರೂ ನಗಲು ತಯಾರಾಗಿ ಕೂತರು. ಅವನು ಎದ್ದು, ಎದೆ ಉಬ್ಬಿಸಿ, "ಒಂದಾನೊಂದು ಊರಿನಲ್ಲಿ ಒಬ್ಬ ತಾಯಿ!" ಎಂದು ಸಿನಿಮಾ ದನಿ ತೆಗೆದ. ಅಲ್ಲಿಗೇ ನಿಂತ. ದನಿ ಇಳಿಯಿತು. ಕೂತುಕೊಂಡ.

"ನಮ್ಮೂರಾಗ ಗೌಡರ ಬಾವಿ ಐತ್ರಿ. ಕೇರಿಯವ್ರು ಹಗ್ಗ ಮುಟ್ಟಂಗಿಲ್ಲ. ಬಾವಿಯಿಂದ ಈಚೆ ಒಂದು ಕಲ್ಲೈತಿ. ಅಲ್ಲಿ ಕೊಡ ಇಟ್ಟು ಕುಂದರಬೇಕು. ಯಾರರ ಸೇದಾಕ ಬಂದಾವ್ರು ಮನಸ ಬಂದ್ರ ಮ್ಯಾಲಿಂದ ಹೊಯ್ತಾರ. ಬರಲಿಲ್ಲಂದ್ರ ಇಲ್ಲ. ನನ್ನ ತಂಗಿ ಕಾಳವ್ವಗ ವಾಂತಿ-ಭೇದಿ ಹತ್ತಿತ್ತು. ನೀರ ನೀರ ಅಂತಿದ್ಲು. ಅವ್ವ ಮುಂಜಾನೆ ಹೋಗಿ ಕಲ್ಲಿನ ಮಗ್ಗಲಕ ಕುಂತ್ಲು. ಅವತ್ತ ಗೌಡರ ಮನ್ಯಾಗ ಲಗ್ನ. ಊರ ಜನ ಪೂರಾ ಹಂದರದಾಗ. ಬಾವಿಗೆ ಯಾರೂ ಬರಲಿಲ್ಲ. ಬಾವಿ ತುಂಬೇತಿ. ಹಗ್ಗ ಅಲ್ಲೇ ಐತಿ. ಅವ್ವ ಕುಂತಾಳ. ಹೊತ್ತು ಬಾಗಿದ ಮ್ಯಾಲ ಯಾರೊ ಬಂದು ಹೊಯ್ದ್ರು. ಓಡಿ ಬಂದ್ಲು. ಕಾಳಿ ಹೋಗಿಬಿಟ್ಟಿದ್ಲು. ಅದ ನೀರಿನಿಂದ ಮೈ ತೊಳದ್ಲು."

ಗುರುಪಾದಯ್ಯ ಕನ್ನಡಕ ತೆಗೆದು ಕಣ್ಣೊರೆಸಿದರು.

"ಇದ ನಮ್ಮ ಸಿನಿಮಾ," ಎಂದರು.

ರಾಯಪ್ಪನಿಗೆ ಅಂದು ಅಂಟಿನ ಬಕೆಟ್ಟು ಹಗುರವಾಗಿತ್ತು. ಯಾರೂ ಕೇಳದಿದ್ದ ಕಥೆಯನ್ನು ದುಂಡಗೆ ಕೂತು ಕೇಳಿದ್ದರು. ಪಾಪ, ಅವನಿಗೆ ಗೊತ್ತಿರಲಿಲ್ಲ. ಕಥೆ ನಡುವೆ ಬಿದ್ದಾಗಿತ್ತು. ಇನ್ನು ಅದು ಎಲ್ಲರದು.

ಮುಂದಿನ ವಾರ ಕಥೆ ಕೈಯಿಂದ ಕೈಗೆ ಹೋಯಿತು. ಹಂದರ ಕಟ್ಟಿಸುವುದು ತುಟ್ಟಿ ಎಂದು ಲಗ್ನ ಬಿತ್ತು. ವಾಂತಿ-ಭೇದಿ ನೋಡಲು ಅಸಹ್ಯ ಎಂದು ಅದು ಜ್ವರವಾಯಿತು. ಹುಡುಗಿ ಸತ್ತರೆ ಜನ ಎದ್ದು ಹೋಗುತ್ತಾರೆ, ಉಳಿಯಲಿ ಎಂದರು. ಕೊನೆಗೆ ಅಮರಪ್ಪ ಬಾಯಿ ತೆಗೆದ. ಆ ಬಾವಿಯ ಗೌಡ ಶಂಕ್ರೆಪ್ಪ ಅವನ ಸೋದರಮಾವ.

"ಮಾವ ಬಾವಿ ಹತ್ರ ಸಿನಿಮಾ ತೆಗಿಯಾಕ ಹೂಂ ಅಂದಾನ್ರಿ ಸರ. ಆದ್ರ ಒಂದ್ ಮಾತು. ಕೊನೀಗೆ ಅವನ ಬಂದು ನೀರ ಹೊಯ್ಯಬೇಕಂತ. ಮನಸ್ಸು ಬದಲಾದಂಗ. ಹುಡುಗಿ ಉಳದಂಗ."

"ಅವನ ಮನಸ್ಸು ಎಂದೂ ಬದಲಾಗಿಲ್ಲಲ್ರಿ," ಎಂದ ರಾಯಪ್ಪ.

"ಸಿನಿಮಾದಾಗ ಬದಲಾದ್ರ ಖರೇನೂ ಬದಲಾಗ್ತಾನಪಾ," ಗುರುಪಾದಯ್ಯ ಮೆಲ್ಲಗೆ ಹೇಳಿದರು. "ಸಿಟ್ಟಿನಿಂದ ಕಲಾ ಆಗೂದಿಲ್ಲ. ಗುಂಪು ಏನಂತೈತಿ? ಕೈ ಎತ್ರಿ."

ಕೈಗಳು ಎದ್ದವು. ಗುಲಶನಳ ಕೈ ಅರ್ಧ ಎದ್ದಿತು. ರಾಯಪ್ಪನ ಕೈ ತೊಡೆಯ ಮೇಲೇ ಇತ್ತು, ಅಂಟು ಒಣಗಿದ ಕೈ.

"ಕೊನೀ ಚಾವಿ ನಿಂದು," ಗುರುಪಾದಯ್ಯ ಅವನ ಹೆಗಲು ತಟ್ಟಿದರು. "ನಿನಗ ಬೇಕಾದ್ದು ತಗೀ."

ಅವನು ಒಪ್ಪಿದ್ದು ಆ ಒಂದು ಮಾತಿಗೆ. ಉಳಿದವರು ಏನಾದರೂ ಮಾಡಿಕೊಳ್ಳಲಿ. ಒಂದು ಚಾವಿ ಸಿಕ್ಕರೆ ಅವ್ವನನ್ನು ಹಿಡಿಯಬೇಕು. ಕಲ್ಲಿನ ಪಕ್ಕ ಹೇಗೆ ಕೂರುತ್ತಾಳೋ ಹಾಗೆ. ಪರದೆಯ ಹಿಂದಿನಿಂದಲ್ಲ, ಎದುರಿನಿಂದ. ತಿರುಗುಮುರುಗಾಗದ ಹಾಗೆ.

ಅವ್ವನನ್ನು ಒಪ್ಪಿಸಲು ಊರಿಗೆ ಹೋದ. ಬಬಲೇಶ್ವರದಲ್ಲಿ ಬಸ್ಸಿಳಿದು ಜೈನಾಪುರದ ಕಡೆ ಒಂದು ದಾರಿ, ಅಲ್ಲಿಂದ ಆಚೆ ಕಾಲುಹಾದಿ. ಅವ್ವ ದುಂಡವ್ವ ಗುಡಿಸಲ ಮುಂದೆ ಕುಳ್ಳು ತಟ್ಟುತ್ತಿದ್ದಳು.

"ತಾಯೀ! ನಿನ್ನ ಮಗ ನಿನ್ನನ್ನು ಹೀರೋಯಿನ್ ಮಾಡಲು ಬಂದಿದ್ದಾನೆ!"

"ಮೊದಲ ಆ ಬುಟ್ಟಿ ಎತ್ತಿ ಈ ಕಡೆ ಇಡು. ಆಮ್ಯಾಲ ಒದರು."

ಎಲ್ಲ ಹೇಳಿದ. ಗೌಡ ನೀರು ಹೊಯ್ಯುವುದನ್ನೂ ಹೇಳಿದ. ದುಂಡವ್ವನ ಕೈ ಸಗಣಿಯಲ್ಲೇ ನಿಂತಿತು.

"ಕಾಳಿ ಉಳೀತಾಳಂತೇನು ಅದರಾಗ?"

"ಹೂಂ ಬೇ."

"ಯಾರು ಉಳಸ್ತಾರ?"

ರಾಯಪ್ಪ ನೆಲ ನೋಡಿದ. "ಗೌಡ."

ದುಂಡವ್ವ ಸಗಣಿಯ ಮುದ್ದೆ ಕೆಳಗಿಟ್ಟಳು. ಆಮೇಲೆ ಕೈ ಕೊಡವಿದಳು.

"ಅವತ್ತ ಒಂದ್ ಕೊಡ ನೀರ ಬರ್ತೈತೇನು?"

"ಬರ್ತೈತಿ."

"ಹಂಗಾರ ಬರ್ತೇನಿ. ನೀರ ಯಾರ ಕೈಯಿಂದ ಬಂದ್ರೇನು."

ಚಿತ್ರೀಕರಣದ ದಿನ ಬಿಸಿಲಿಗೆ ನೆಲ ಕಾದ ಹಂಚಾಗಿತ್ತು. ಬಬಲೇಶ್ವರದ ಸ್ಟ್ಯಾಂಡಿನಿಂದ ಊರವರೆಗೆ ಕ್ಯಾಮೆರಾದ ಮುಕ್ಕಾಲಿಯನ್ನು ರಾಯಪ್ಪ ಹೊತ್ತ. ಪೆಟ್ಟಿಗೆಯನ್ನೂ ಅವನೇ ಹೊತ್ತ. ನಿಯಮದ ಪ್ರಕಾರ ಅಂದು ಅಮರಪ್ಪನ ಸರದಿ. ಅವನ ಚಪ್ಪಲಿಯ ಉಂಗುಷ್ಟ ಕಿತ್ತಿತ್ತಂತೆ.

ಶಂಕ್ರೆಪ್ಪ ಗೌಡ ತಯಾರಾಗಿ ನಿಂತಿದ್ದ. ಜರಿ ರುಮಾಲು, ಇಸ್ತ್ರಿ ಧೋತರ, ಮುಖಕ್ಕೆ ಪೌಡರು. ಹಣೆಯ ಬೆವರು ಪೌಡರಿನಲ್ಲಿ ಕಾಲುವೆ ತೋಡಿತ್ತು. ಆತ ಜನ್ಮದಲ್ಲಿ ನೀರು ಸೇದಿದವನಲ್ಲ. ಆಳು ಸೇದಿ ಕೊಡಬೇಕು, ಆತ ಹೊಯ್ಯಬೇಕು. ಆಳು ಚಿತ್ರದಲ್ಲಿ ಬರಬಾರದು.

"ಏ ದುಂಡೀ, ಆ ಕಲ್ಲಿನ ಮಗ್ಗಲಕ ಕುಂದರು. ದಿನಾ ಕುಂದರತಿಯಲ್ಲ, ಹಂಗ," ಎಂದ ಗೌಡ. ಇದೊಂದು ಅವನು ಸರಿಯಾಗಿ ಹೇಳಿಕೊಟ್ಟ.

ದುಂಡವ್ವ ಕೂತಳು. ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಹಿಂದೆ ಗುಂಪುಗೂಡಿದರು. ನೀರು ಹೊಯ್ಯುವ ದಿನ ಎಂದು ಸುದ್ದಿ ಹರಡಿತ್ತು.

"ಶುರು!"

ಗೌಡ ಬಕೆಟ್ಟು ಎತ್ತಿ ಹೊಯ್ದ. ಬಕೆಟ್ಟು ಕೊಡಕ್ಕೆ ತಾಗುವಷ್ಟು ಹತ್ತಿರ ಬಂತು. ಗೌಡ ಹಾವು ತುಳಿದವನಂತೆ ಹಿಂದೆ ಜಿಗಿದ. "ಏ, ಸರಿ ಅತ್ತ!"

"ಸಾಕು. ಇನ್ನೊಮ್ಮೆ ತಗೊಳ್ಳೂಣು," ಎಂದರು ಗುರುಪಾದಯ್ಯ. "ಗೌಡ್ರ, ಬಯ್ಯಬ್ಯಾಡ್ರಿ, ನಗ್ರಿ. ರಾಯಪ್ಪಾ, ಕೊಡ ಖಾಲಿ ಮಾಡಪಾ. ಶಾಟು ಖಾಲಿ ಕೊಡದಿಂದ ಶುರು ಆಗಬೇಕು."

ಅಂದು ರಾಯಪ್ಪನ ಪಾಲಿಗೆ ಬಂದ ಕೆಲಸ ಅದು. ಕೊಡ ಖಾಲಿ ಮಾಡುವುದು.

ಅವನು ಕೊಡ ಎತ್ತಿದ. ಹಿಂದೆ ನಿಂತ ಮುದುಕಿ ಕೊಡ ಮುಂದೆ ಚಾಚಿದಳು. "ಚೆಲ್ಲಬ್ಯಾಡೊ ಯಪ್ಪಾ, ಇದರಾಗ ಹಾಕು." ರಾಯಪ್ಪ ಆ ಕಡೆ ತಿರುಗಿದ.

"ಏಯ್!" ಗೌಡ ಕೂಗಿದ. "ನಾ ಹೂಂ ಅಂದದ್ದು ಒಬ್ಬಾಕಿಗೆ. ಕೇರಿಗೆಲ್ಲ ಹಂಚಾಕಲ್ಲ."

"ಅವ್ರು ಚಿತ್ರದಾಗ ಬರಾಕತ್ತಾರ. ಹಿಂದ ಸರಸ್ರಿ ಅವ್ರನ್ನ," ಎಂದ ಅಮರಪ್ಪ.

ರಾಯಪ್ಪ ಗುರುಪಾದಯ್ಯನವರ ಮುಖ ನೋಡಿದ. ಅವರು ಮೋಡ ನೋಡುತ್ತಿದ್ದರು. ಮೋಡವೇ ಇರಲಿಲ್ಲ.

ರಾಯಪ್ಪ ಕೊಡ ಬಗ್ಗಿಸಿದ. ನೀರು ಮಣ್ಣಿಗೆ ಬಿತ್ತು. ಮಣ್ಣು ಸೊರ್ ಎಂದು ಕುಡಿಯಿತು.

"ಶುರು!"

ಈ ಸಲ ಗೌಡ ಕ್ಯಾಮೆರಾ ನೋಡಿ ಹಲ್ಲು ಕಿಸಿದ. ಸಾಕು. ಖಾಲಿ ಮಾಡು. ಆಮೇಲೆ ರುಮಾಲು ಜಾರಿತು. ಸಾಕು. ಖಾಲಿ ಮಾಡು. ಆಮೇಲೆ ನೆರಳು ಬಿತ್ತು. ಖಾಲಿ ಮಾಡು. ಉಳಿದವರ ಚಾವಿಗಳಲ್ಲಿ ಕ್ಯಾಮೆರಾ ಓಡಿಸಿದ್ದು ಕೆಲವು ಸಲ, ಬರೀ ತಾಲೀಮು ಹಲವು ಸಲ. ತಾಲೀಮಿಗೂ ಕೊಡ ಖಾಲಿಯೇ ಬೇಕು. ದುಂಡವ್ವನ ಕಾಲ ಕೆಳಗೆ ಕೆಸರಾಯಿತು. ಅವಳ ಸೀರೆಯ ಅಂಚು ತೊಯ್ದು ಕೆಂಪಾಯಿತು. ತುಂಬುವ ಕೊಡವನ್ನು ಅವಳು ನೋಡುತ್ತಿದ್ದಳು. ಬಗ್ಗುವ ಕೊಡವನ್ನೂ ನೋಡುತ್ತಿದ್ದಳು. ಬಗ್ಗಿಸುವ ಮಗನ ಕೈಯನ್ನೂ ನೋಡುತ್ತಿದ್ದಳು.

"ಅವ್ವಾರ, ಒಂದೀಟ ನಗ್ರಿ," ಗುರುಪಾದಯ್ಯ ಬೇಡಿಕೊಂಡರು. "ನೀರ ಸಿಕ್ಕೈತಿ, ಮಗಳು ಉಳೀತಾಳ. ಖುಷಿ ತೋರಸ್ರಿ."

ದುಂಡವ್ವನ ತುಟಿ ಅಲುಗಲಿಲ್ಲ.

"ನಗಾಕ ಏನ್ ರೊಕ್ಕ ಕೊಡಬೇಕೇನ್ಲೇ ಇಕಿಗೆ," ಎಂದ ಗೌಡ.

ಮತ್ತೆ ಹೊಯ್ದ. ಈ ಸಲ ಎಲ್ಲ ಸರಿಯಾಯಿತು. ನಗು ಸರಿ, ರುಮಾಲು ಸರಿ, ಬಿಸಿಲು ಸರಿ. ಗುರುಪಾದಯ್ಯ ಚಪ್ಪಾಳೆ ತಟ್ಟಿದರು. ಅಮರಪ್ಪ ಹೇಳಿದ, "ಸರ, ಇರ್ಲಿ ಅಂತ ಇನ್ನೊಂದು ತಗೊಂಡ ಬಿಡೂಣು. ರಾಯ್ಯಾ, ಖಾಲಿ ಮಾಡು."

ರಾಯಪ್ಪ ಕೊಡಕ್ಕೆ ಕೈ ಹಾಕಿದ. ಕೊಡ ಬರಲಿಲ್ಲ. ದುಂಡವ್ವ ಎರಡೂ ಕೈಯಿಂದ ತಬ್ಬಿ ಹಿಡಿದಿದ್ದಳು.

"ಸಾಕು," ಎಂದಳು.

ಅವರ ಮಾತನ್ನೇ ಅಂದಳು. ಮುಂಜಾನೆಯಿಂದ ಕೇಳಿ ಕೇಳಿ ಕಲಿತ ಮಾತು.

"ಬಿಡಬೇ," ರಾಯಪ್ಪ ಪಿಸುಗುಟ್ಟಿದ.

"ನಾ ಚೆಲ್ಲಂಗಿಲ್ಲ. ನೀನೂ ಚೆಲ್ಲಬ್ಯಾಡ." ದುಂಡವ್ವ ಎದ್ದು ನಿಂತಳು. "ಅವತ್ತ ಇದರಾಗ ಒಂದ್ ಪಾಲು ನೀರ ಯಾರರ ಹೊಯ್ದಿದ್ರ ನನ್ನ ಕಾಳಿ ಉಳೀತಿದ್ಲು. ಇವತ್ತ ಮಣ್ಣಿಗೆ ಕುಡಸಾಕತ್ತೀರಿ. ಮಣ್ಣಿಗೇನ್ ಜ್ವರ ಬಂದಾವೇನ್ರೊ?"

ಸಿಂಬಿ ತಲೆಗಿಟ್ಟಳು. ಕೊಡ ಅದರ ಮೇಲಿಟ್ಟಳು. ನಡೆದಳು.

"ಏ ದುಂಡೀ, ನಿಂದ್ರು!" ಗೌಡ ಅರಚಿದ.

"ರಾಯಪ್ಪಾ, ನಿಮ್ಮವ್ವಗ ಹೇಳಪಾ," ಎಂದರು ಗುರುಪಾದಯ್ಯ.

ರಾಯಪ್ಪ ಓಡಿದ. ಅವ್ವನ ಕಡೆಗಲ್ಲ. ಕ್ಯಾಮೆರಾ ಹಿಡಿದು ನಿಂತ ಗುಲಶನಳ ಕಡೆಗೆ. ಕೈ ಚಾಚಿದ.

"ಕೊಡು. ನನ್ನ ಚಾವಿ."

ಗುಲಶನ ಒಂದು ಕ್ಷಣ ಸರ್ ಕಡೆ ನೋಡಿದಳು. ಕ್ಯಾಮೆರಾ ಕೊಟ್ಟುಬಿಟ್ಟಳು.

ಅವನು ಚಾವಿ ತಿರುವಿದ. ಇನ್ನು ತಿರುಗದು ಎನ್ನುವವರೆಗೆ ತಿರುವಿದ. ಕಣ್ಣಿಗೆ ಒತ್ತಿದ. ಅವ್ವನ ಬೆನ್ನು ಕಂಡಿತು. ಹರಿದ ಕುಪ್ಪಸ. ತಲೆಯ ಮೇಲೆ ತುಂಬಿದ ಕೊಡ. ಕುತ್ತಿಗೆಯ ಮೇಲೆ ಇಳಿದ ಒಂದೇ ಹನಿ. ಎದುರಿಗೆ ಖಾಲಿ ಕೊಡದ ಹೆಂಗಸರು ಎರಡು ಸಾಲಾಗಿ ಸರಿದು ಅವಳಿಗೆ ದಾರಿ ಬಿಟ್ಟರು. ಆಮೇಲೆ ಅವನು ಕ್ಯಾಮೆರಾವನ್ನು ಇತ್ತ ತಿರುಗಿಸಿದ. ಪೌಡರಿನ ಮುಖ, ಎತ್ತಿದ ಕೈ, ತೆರೆದ ಬಾಯಿ. ಕಟಕ್ ಎಂದು ನಿಂತಿತು. ಫಿಲ್ಮು ಮುಗಿದಿತ್ತು.

ಗೌಡ ಅಂದೇ ಸಂಜೆ ಡಂಗುರ ಸಾರಿಸಿದ. ಇನ್ನು ಮೇಲೆ ಕೇರಿಯವರಿಗೆ ಯಾರೂ ಒಂದು ಹನಿ ಹೊಯ್ಯಕೂಡದು. ಬಾವಿಯ ಕಟ್ಟೆಯ ಮೇಲೆ ಬಡಿಗೆ ಹಿಡಿದ ಇಬ್ಬರು ಆಳುಗಳನ್ನು ಕೂಡಿಸಿದ.

ಕೇರಿಯ ಹೆಂಗಸರು ಹಳ್ಳಕ್ಕೆ ಹೋದರು. ಉಸುಕು ತೋಡಿ ಒರತೆಯ ಪಕ್ಕ ಕೂತು, ಜಿನುಗುವ ಕೆಂಪು ನೀರನ್ನು ಬಟ್ಟಲಿಂದ ಮೊಗೆದರು. ಒಂದು ಕೊಡ ತುಂಬುವಷ್ಟರಲ್ಲಿ ಸೊಂಟ ಹಿಡಿಯುತ್ತಿತ್ತು. ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ರಾಯಪ್ಪ ಊರಿಗೆ ಹೋದಾಗ ಯಾರೂ ಅವನನ್ನು ಮಾತಾಡಿಸಲಿಲ್ಲ. ಅಂದು ಕೊಡ ಚಾಚಿದ್ದ ಮುದುಕಿ ಮಾತ್ರ ಕೇಳಿದಳು.

"ನಿನ್ನ ಸಿನಿಮಾದಾಗರ ನೀರ ಐತೇನೊ?"

"ಐತಿ ಆಯಿ. ತೋರಸ್ತೇನಿ. ವಿಜಾಪುರದ ಮಂದಿ ಪೂರಾ ನೋಡ್ತೈತಿ. ಅವ್ವ ಹೆಂಗ ಸೆಟದು ನಡದ್ಲು ನೋಡ್ತಾರ. ಆಮ್ಯಾಲ ಗೌಡ ಮಾರಿ ಎಲ್ಲಿ ಇಟಗೋತಾನ."

ಅವನು ನಂಬಿದ್ದ. ಕೇರಿ ಪೂರ್ತಿ ನೀರು ಕಳೆದುಕೊಂಡು ಗಳಿಸಿದ್ದು ಆ ಒಂದು ಶಾಟು. ಅದು ತೆರೆಯ ಮೇಲೆ ಬಂದರೆ ಈ ಒರತೆ, ಈ ಹೊಟ್ಟೆನೋವು, ಈ ಮೌನ ಎಲ್ಲಕ್ಕೂ ಒಂದು ಅರ್ಥ. ಬರದಿದ್ದರೆ ಏನು ಎಂದು ಅವನು ಯೋಚಿಸಲಿಲ್ಲ. ಅಂಟು ಕುದಿಸುವಾಗ, ಏಣಿ ಹತ್ತುವಾಗ, ಭೋಂಗಾದಲ್ಲಿ ಕೂಗುವಾಗ ಅದೊಂದೇ ಎದೆಯಲ್ಲಿ ಓಡುತ್ತಿತ್ತು. ಬೆನ್ನು, ಕೊಡ, ಹನಿ.

ಪ್ರದರ್ಶನ ವಿಜಾಪುರದ ಒಂದು ಶಾಲೆಯ ಹಜಾರದಲ್ಲಿ, ಮಧ್ಯಾಹ್ನ, ಕಿಟಕಿಗಳಿಗೆ ಕಂಬಳಿ ಕಟ್ಟಿ. ಚಿತ್ರಕ್ಕೆ ದನಿ ಇಲ್ಲ. ಮೈಕಿನಲ್ಲಿ ಕಥೆ ಹೇಳುವವನು ರಾಯಪ್ಪ. ಟಾಂಗಾದ ದನಿ ಇಲ್ಲಿ ಕೆಲಸಕ್ಕೆ ಬಂದಿತ್ತು. ಏನು ಹೇಳಬೇಕೆಂದು ಗುರುಪಾದಯ್ಯ ಬಾಯಿಪಾಠ ಮಾಡಿಸಿದ್ದರು. ಕೊನೆಯ ಶಾಟಿನ ಮಾತೇನು ಎಂದು ರಾಯಪ್ಪ ಕೇಳಿದರೆ, "ಅದಕ್ಕ ಮಾತ ಬ್ಯಾಡಪಾ," ಎಂದಿದ್ದರು. ಸರಿ ಅನಿಸಿತ್ತು ಅವನಿಗೆ. ಅದಕ್ಕೆ ಮಾತು ಬೇಡ.

ಬಾಗಿಲಲ್ಲಿ ಗುಲಶನ ತಡೆದಳು. ಅವಳ ಕಣ್ಣು ಕೆಂಪಾಗಿತ್ತು. ಅವನ ಕೈಗೆ ಒಂದು ಕಡ್ಡಿಪೆಟ್ಟಿಗೆ ತುರುಕಿದಳು.

"ಕತ್ತರಿಸ್ಯಾರ. ಬ್ಯಾಡ ಅಂತ ಬಿಸಾಕಿದ್ರಾಗ ಇಷ್ಟ ಸಿಕ್ತು."

ಪೆಟ್ಟಿಗೆಯಲ್ಲಿ ಬೆರಳುದ್ದದ ಫಿಲ್ಮಿನ ತುಣುಕು. ಅದರಲ್ಲಿ ಸಾಸಿವೆಯಷ್ಟು ಅವ್ವ.

"ಯಾರು ಕತ್ತರಿಸಿದ್ರು?"

"ಗುಂಪು. ನೀ ಪೋಸ್ಟರ್ ಹಚ್ಚಾಕ ಹೋಗಿದ್ದಿ. ಗೌಡ್ರ ಮುಖ್ಯ ಅತಿಥಿ, ಅವ್ರ ಮುಂದ ಬ್ಯಾಡ ಅಂದ್ರು. ಕೈ ಎತ್ತಸಿದ್ರು."

"ನೀನೂ ಎತ್ತಿದೇನು?"

ಗುಲಶನ ಗೋಡೆ ನೋಡಿದಳು. "ಎತ್ತಿದೆ," ಎಂದಳು.

ಒಳಗೆ ಗೌಡ ಮೊದಲ ಸಾಲಿನಲ್ಲಿ ಮಾಲೆ ಹಾಕಿಕೊಂಡು ಕೂತಿದ್ದ. ದೀಪ ಆರಿತು. ಯಂತ್ರ ಕರಕರ ಎಂದಿತು. ರಾಯಪ್ಪ ಮೈಕಿನ ಮುಂದೆ ನಿಂತ. ಅಭ್ಯಾಸದ ದನಿ ತಾನೇ ಹೊರಟಿತು.

"ಒಂದು ಗ್ರಾಮ. ಅಲ್ಲೊಂದು ಬಾವಿ. ಬಾಯಾರಿದ ಒಬ್ಬ ತಾಯಿ..."

ತೆರೆಯ ಮೇಲೆ ಅವ್ವ ಕಲ್ಲಿನ ಪಕ್ಕ ಕೂತಿದ್ದಳು. ಗೌಡ ಬಂದ. ಹೊಯ್ದ. ನಕ್ಕ. ನೀರು ಬೆಳ್ಳಗೆ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು. ಇಲ್ಲಿ ರಾಯಪ್ಪ, "ಮಾನವೀಯತೆಯ ಮಳೆ ಸುರಿಯಿತು, ಕಂದಮ್ಮ ಕಣ್ಣು ತೆರೆಯಿತು," ಅನ್ನಬೇಕಿತ್ತು.

ಅನ್ನಲಿಲ್ಲ.

ಮೈಕು ಗುಂಯ್ ಎಂದಿತು. ಅವನು ಡೈಲಾಗು ಹುಡುಕಿದ. ಪರದೆಯ ಹಿಂದೆ ನಿಂತು ವರ್ಷಗಟ್ಟಲೆ ಹಿಡಿದಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ. ಎಡಗೈಯ ಹೀರೋಗಳು ಒಬ್ಬರೂ ಬರಲಿಲ್ಲ. ಅವರ್ಯಾರೂ ಕಲ್ಲಿನ ಪಕ್ಕ ಕೂತವರಲ್ಲ. ಆಮೇಲೆ ಊರಿನ ಮಾತು ಬಂತು.

"ಅಣ್ಣಾರ, ಅಕ್ಕಾರ. ಅಲ್ಲಿ ಕುಂತಾಕಿ ನಮ್ಮವ್ವ. ಹೆಸರ ದುಂಡವ್ವ. ಇದರಾಗ ಹುಡುಗಿ ಉಳೀತಾಳ. ಖರೇ ಅಂದ್ರ ಉಳೀಲಿಲ್ಲ. ಆಕಿ ನನ್ನ ತಂಗಿ ಕಾಳವ್ವ. ಬಾವಿ ತುಂಬಿತ್ತು. ಆಕಿ ನೀರಿಲ್ಲದ ಸತ್ಲು. ಈಗ ಚಪ್ಪಾಳಿ ತಟ್ಟಿದ್ರಲ್ಲ, ಆ ನೀರ ನಮಗಂತ ಹೊಯ್ದದ್ದಲ್ರಿ. ಅದಕ್ಕೂ ಮೊದಲ ಹೊಯ್ದದ್ದೆಲ್ಲ ನಾನ ಚೆಲ್ಲೇನಿ. ಈ ಕೈಯಿಂದ. ಶಾಟಿಗೆ ಖಾಲಿ ಕೊಡ ಬೇಕಿತ್ತು..."

ಮೈಕು ಸತ್ತಿತು. ಅಮರಪ್ಪ ತಂತಿ ಕಿತ್ತಿದ್ದ. ರಾಯಪ್ಪನಿಗೆ ಮೈಕು ಯಾಕೆ ಬೇಕು. ಟಾಂಗಾದಿಂದ ಊರಿಗೆ ಕೇಳಿಸಿದ ಗಂಟಲು.

"ಕೊನೀ ಚಿತ್ರ ಕತ್ತರಿಸ್ಯಾರ! ಅವ್ವ ಚೆಲ್ಲಂಗಿಲ್ಲ ಅಂದ್ಲು! ಹೊತಗೊಂಡ ನಡದ್ಲು! ಅದಕ್ಕ ಈ ಗೌಡ ಕೇರಿಗೆ ನೀರ ಬಂದ್ ಮಾಡ್ಯಾನ! ಇವತ್ತಿಗೂ ಬಂದ್ ಐತಿ!"

ದೀಪ ಹತ್ತಿತು. ಗೌಡ ಮಾಲೆ ಕಿತ್ತೆಸೆದು ಎದ್ದ. "ಇವನ ಬಾಯಿ ಬಂದ್ ಮಾಡಸ್ರೋ!" ಜನ ಎದ್ದರು. ಕೆಲವರು ಗೊಣಗಿದರು. ಕೆಲವರು ಬಾಗಿಲ ಕಡೆ ಸರಿದರು. ಯಾರೂ ಅವನ ಪಕ್ಕಕ್ಕೆ ಬರಲಿಲ್ಲ.

ಗುರುಪಾದಯ್ಯ ಕೈ ಮುಗಿದರು. "ರಾಯಪ್ಪಾ, ಇದು ಗುಂಪಿನ ಕೆಲಸಪಾ. ನಿಂದೊಬ್ಬಂದಲ್ಲ."

"ಸಿನಿಮಾ ಗುಂಪಿಂದ ಇರ್ಲಿ ಸರ," ಎಂದ ರಾಯಪ್ಪ. "ಸತ್ತಾಕಿ ಗುಂಪಿನಾಕಿ ಅಲ್ರಿ."

ಅಮರಪ್ಪ ಮತ್ತು ಇನ್ನಿಬ್ಬರು ಅವನ ತೋಳು ಹಿಡಿದು ಎಳೆದರು. ಅಂಗಿ ಹರಿಯಿತು. ತುಟಿ ಒಡೆಯಿತು. ಅವನನ್ನು ಹೊರಗೆ ದೂಡುವಾಗಲೂ ಯಂತ್ರ ನಿಂತಿರಲಿಲ್ಲ. ಬೆಳಕಿನಲ್ಲಿ ಮಾಸಿದ ಗೌಡ ಗೋಡೆಯ ಮೇಲೆ ಇನ್ನೂ ನೀರು ಹೊಯ್ಯುತ್ತಲೇ ಇದ್ದ.

ಸುದ್ದಿ ಅವನಿಗಿಂತ ಮೊದಲು ಟಾಕೀಜಿಗೆ ಹೋಗಿತ್ತು. ಮಾಲೀಕ ಭೋಂಗಾ ಕಸಿದುಕೊಂಡ. "ನನಗ ಗೌಡ್ರ ಉಸಾಬರಿ ಬ್ಯಾಡಪ್ಪಾ," ಎಂದ. ಬಕೆಟ್ಟು, ಕುಂಚ, ಏಣಿ ಎಲ್ಲ ಅಲ್ಲೇ ಉಳಿದವು. ಮರುದಿನ ಮುಂಜಾನೆಯ ಬಸ್ಸಿಗೆ ರಾಯಪ್ಪ ಕಡ್ಡಿಪೆಟ್ಟಿಗೆಯೊಂದಿಗೆ ಊರಿಗೆ ಹೋದ.

ದುಂಡವ್ವ ಹಳ್ಳದ ಒರತೆಯಲ್ಲಿ ಬಗ್ಗಿ ನೀರು ಮೊಗೆಯುತ್ತಿದ್ದಳು. ಪಕ್ಕದಲ್ಲಿ ಕೇರಿಯ ಹೆಂಗಸರು ಸಾಲಾಗಿ ಕೂತಿದ್ದರು. ಮಗನ ಒಡೆದ ತುಟಿ ನೋಡಿದಳು.

"ತೋರಸಲಿಲ್ಲ ಬೇ," ಎಂದ ರಾಯಪ್ಪ. "ನಿನ್ನ ಶಾಟು ಕತ್ತರಿಸಿ ಒಗದ್ರು. ಎಲ್ಲಾ ಹೋತು. ನೀರೂ ಹೋತು, ಅದೂ ಹೋತು. ಇಷ್ಟ ಉಳದೈತಿ."

ತುಣುಕನ್ನು ಕೊಟ್ಟ. ದುಂಡವ್ವ ಒದ್ದೆ ಬೆರಳು ಸೀರೆಗೆ ಒರೆಸಿ, ಅದನ್ನು ಸೂರ್ಯನಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿದಳು.

"ಇದ್ಯಾರು?"

"ನೀನ."

"ಮಾರಿ ಎಲ್ಲೈತಿ?"

"ಮಾರಿ ಅತ್ಲಾಗ ಇತ್ತಲ್ಲ ಬೇ. ನೀ ನಡದಬಿಟ್ಟಿದ್ದಿ."

ಅವಳು ಬಹಳ ಹೊತ್ತು ನೋಡಿದಳು.

"ಕೊಡದಾಗ ನೀರ ಐತೇನು?"

"ಐತಿ. ತುಂಬೇತಿ."

ದುಂಡವ್ವ ತುಣುಕನ್ನು ಪಕ್ಕದ ಮುದುಕಿಗೆ ಕೊಟ್ಟಳು. ಮುದುಕಿ ಸೂರ್ಯನಿಗೆ ಹಿಡಿದು ನೋಡಿ ಇನ್ನೊಬ್ಬಳಿಗೆ ಕೊಟ್ಟಳು. ಅದು ಕೈಯಿಂದ ಕೈಗೆ ಹೋಯಿತು. ಯಾರೂ ಅದಕ್ಕೆ ಏನೂ ಸೇರಿಸಲಿಲ್ಲ. ಏನೂ ತೆಗೆಯಲಿಲ್ಲ.

ದುಂಡವ್ವ ತಾನು ಮೊಗೆದ ಕೆಂಪು ನೀರನ್ನು ಮುದುಕಿಯ ಕೊಡಕ್ಕೆ ಬಗ್ಗಿಸಿದಳು. ಒಂದು ಹನಿ ಚೆಲ್ಲಲಿಲ್ಲ. ಖಾಲಿ ಕೊಡ ಸೊಂಟಕ್ಕಿಟ್ಟು ಊರಿನ ಕಡೆ ತಿರುಗಿದಳು.

"ಎಲ್ಲಿಗೆ ಬೇ?"

"ಬಾವಿಗೆ."

"ಹೊಡೀತಾರ."

"ಹೊಡೀಲಿ. ಕುಂತು ಕುಂತು ಒಬ್ಬಾಕೀನ ಕಳಕೊಂಡೇನಿ."

ರಾಯಪ್ಪ ಹಿಂದೆ ನಡೆದ. ಹೆಂಗಸರು ಒಬ್ಬೊಬ್ಬರೇ ಎದ್ದರು. ಯಾರು ಎದ್ದರು, ಯಾರು ಕೂತೇ ಇದ್ದರು, ರಾಯಪ್ಪ ತಿರುಗಿ ನೋಡಲಿಲ್ಲ. ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಭೋಂಗಾ ಇರಲಿಲ್ಲ. ಎದುರಿಗೆ ಅವ್ವನ ಬೆನ್ನು ಮಾತ್ರ.

ಕಟ್ಟೆಯ ಮೇಲಿನ ಇಬ್ಬರೂ ಬಡಿಗೆ ಹಿಡಿದು ಎದ್ದು ನಿಂತರು.

"ಏ ದುಂಡೀ! ಕಲ್ಲಿನ ಹತ್ರ ನಿಂದ್ರು! ಅಷ್ಟಕ್ಕ ಸಾಕು!"

ಅವಳು ಕಲ್ಲು ದಾಟಿದಳು. ಬಡಿಗೆ ಮೇಲೆದ್ದಿತು. ಅವಳು ಹಗ್ಗಕ್ಕೆ ಕೈ ಹಾಕಿದಳು.